ನಲವತ್ತೆರಡು ಬಸವನಹುಳುಗಳ ಚೀಟಿ ಸುಟ್ಟ ಬಗ್ಗೆ

ಇಂದ,
ಚೆಲುವರಾಜು,
ನಿವೃತ್ತ ಲಾರಿ ಚಾಲಕ,
ಕಲ್ಲೂರು, ವಯನಾಡು ಜಿಲ್ಲೆ.

ಗೆ,
ಶ್ರೀ ಬಾಲಕೃಷ್ಣನ್ ಅವರು,
ಕಾರ್ಯದರ್ಶಿಗಳು,
ಗಡಿಸೀಮೆ ಪರಂಪರೆ ಮತ್ತು ವಿಜ್ಞಾನ ಪ್ರದರ್ಶನಾಲಯ ಸಮಿತಿ.

ವಿಷಯ: ನನ್ನ ದಿವಂಗತ ಪತ್ನಿ ಹೆಕ್ಕಿದ ಕಡಲ ಬಸವನಹುಳುಗಳ ಪಳೆಯುಳಿಕೆಗೆ ಕಟ್ಟಿದ್ದ ಚೀಟಿಗಳನ್ನು ಮಾಟವೆಂದು ಭಾವಿಸಿ ಸುಟ್ಟಿರುವ ಬಗ್ಗೆ ಹಾಗೂ ಹೊಸ ಫಲಕ ಹಾಕಿಸುವ ಕುರಿತು.

ಉಲ್ಲೇಖ:
೧) ನಲವತ್ಮೂರು ಬಸವನಹುಳು ಸ್ವೀಕರಿಸಿದ್ದಕ್ಕೆ ತಾವು ಕೊಟ್ಟ ರಸೀತಿ.
೨) ತಾವು ಬಾಯಲ್ಲಿ ಕೊಟ್ಟ ಉತ್ತರ.
೩) ತಮ್ಮ ಕಚೇರಿಯ ಹಿಂದಿನ ಕರಿಬೇವಿನ ಗಿಡದ ಬುಡದಲ್ಲಿರುವ ಬೂದಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸಿಕೊಳ್ಳುವುದೇನೆಂದರೆ, ನನಗೆ ಮಲಯಾಳಂ ಓದಲು, ಬರೆಯಲು, ಜಗಳವಾಡಲು ಚೆನ್ನಾಗಿ ಬರುತ್ತದೆ. ಆದರೂ ಈ ಅರ್ಜಿಯನ್ನು ಬೇಕೆಂದೇ ಕನ್ನಡದಲ್ಲಿ ಬರೆದಿದ್ದೇನೆ. ತಮಗೆ ಓದಲು ಬಾರದಿದ್ದಲ್ಲಿ ಹೇಳಿ ಕಳಿಸಿದರೆ ನಾನೇ ಬಂದು ಓದುತ್ತೇನೆ, ತಮಗೆ ಭಯವಾಗದಷ್ಟು ದೂರದಲ್ಲಿ ನಿಂತು.

೧. ನಾನು ಹತ್ತೊಂಬತ್ತು ವರ್ಷ ತಮಿಳುನಾಡಿನ ಅರಿಯಲೂರು ಕಡೆಯ ಸುಣ್ಣಕಲ್ಲಿನ ಗಣಿಗಳಿಂದ ಇಲ್ಲಿನ ಕಾಫಿ ತೋಟಕ್ಕೆ, ಶುಂಠಿ ಹೊಲಕ್ಕೆ ಸುಣ್ಣದ ಪುಡಿ ತಂದವನು. ನಮಗೆ ಮಕ್ಕಳಿರಲಿಲ್ಲ. ಆದ್ದರಿಂದ ನನ್ನ ಹೆಂಡತಿ ಗುರುಬಸಮ್ಮ ಮನೆಗೆ ಬೀಗ ಹಾಕಿ ಲಾರಿ ಹತ್ತುತ್ತಿದ್ದಳು. ಲೋಡಿನ ಸರದಿ ಬರಲು ಅರ್ಧ ದಿನ ಹಿಡಿಯುತ್ತಿತ್ತು. ನಾನು ಲಾರಿಯ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದೆ. ಅವಳು ಗಣಿಯವರು ಬೇಡವೆಂದು ಎಸೆದ ಕಲ್ಲಿನ ರಾಶಿಯಲ್ಲಿ ಬಸವನಹುಳು ಹೆಕ್ಕುತ್ತಿದ್ದಳು.

೨. ಸದರಿ ಹುಳುಗಳು ಏಳೆಂಟು ಕೋಟಿ ವರ್ಷಗಳ ಹಿಂದೆ ಅಲ್ಲಿದ್ದ ಬೆಚ್ಚನೆಯ ಕಡಲಿನವು. ಕಡಲು ಹಿಂದೆ ಸರಿಯಿತು, ಚಿಪ್ಪು ಕಲ್ಲಾಗಿ ಉಳಿಯಿತು. ಸಾಯುವವರೆಗೂ ಕಡಲು ನೋಡದ ಗುರುಬಸಮ್ಮನಿಗೆ ಇದು ಅರ್ಥವಾಯಿತು. ಒಮ್ಮೆ ಮೈಸೂರಿನಿಂದ ವಿದ್ಯಾರ್ಥಿಗಳನ್ನು ಗಣಿಗೆ ಕರೆತಂದಿದ್ದ ದಿವ್ಯಶ್ರೀ ಎಂಬ ಟೀಚರು ಇವಳ ಮಡಿಲು ನೋಡಿ, "ಅಮ್ಮಾ, ಎಲ್ಲಿ ಸಿಕ್ತು, ಯಾವ ಪದರದಲ್ಲಿ ಸಿಕ್ತು ಅಂತ ಬರೆದಿಡಿ. ಜಾಗ ಗೊತ್ತಿಲ್ದಿದ್ರೆ ಅದು ಬರೀ ಕಲ್ಲು" ಎಂದರು. ಅಂದಿನಿಂದ ಒಂದೊಂದಕ್ಕೂ ಒಂದೊಂದು ಚೀಟಿ. ವಾಪಸ್ ಬರುವಾಗ ಮುತ್ತಂಗದ ಕಾಡಿನಲ್ಲಿ ಆನೆ ರಸ್ತೆ ಬಿಡುವ ತನಕ ಲಾರಿ ನಿಲ್ಲಿಸುತ್ತಿದ್ದೆನಲ್ಲ, ಆಗ ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದಳು. ಬೀಡಿಯಂತೆ ಸುರುಳಿ ಸುತ್ತಿ, ಹುಳುವಿನ ಕತ್ತಿಗೆ ಬಿಳಿ ದಾರದಲ್ಲಿ ಕಟ್ಟುತ್ತಿದ್ದಳು.

೩. ಹೋದ ವರ್ಷ ಗುರುಬಸಮ್ಮ ತೀರಿಕೊಂಡಳು. "ಸ್ಕೂಲ್ ಮಕ್ಳು ನೋಡ್ಲಿ" ಎಂದು ಹೇಳಿದ್ದಳು. ಕಾರಣ, ವರ್ಷದ ಕಾರ್ಯ ಮುಗಿದ ವಾರವೇ ನಲವತ್ಮೂರು ಹುಳುಗಳನ್ನು ಚೀಟಿ ಸಮೇತ ತಮ್ಮ ವಶಕ್ಕೆ ಕೊಟ್ಟೆ. ತಾವು ನನಗೆ ಹಾಲಿಲ್ಲದ ಚಹಾ ಕೊಟ್ಟಿರಿ.

೪. ತಿಂಗಳ ನಂತರ ನೋಡಲು ಬಂದರೆ ಗಾಜಿನ ಪೆಟ್ಟಿಗೆಯ ಮೇಲೆ ಒಂದು ಫಲಕ: "ವಯನಾಡಿನ ಪುರಾತನ ಕಡಲ ಬಸವನಹುಳುಗಳು. ಸಂಗ್ರಹ: ಸಮಿತಿ." ಮಾನ್ಯರೇ, ವಯನಾಡಿನ ಬಂಡೆ ಒಡೆದರೆ ಜಲ್ಲಿ ಸಿಗುತ್ತದೆ, ಬಸವನಹುಳು ಸಿಗುವುದಿಲ್ಲ. ಈ ಹುಳುಗಳು ಹುಟ್ಟುವುದಕ್ಕೆ ಎಷ್ಟೋ ಯುಗ ಮೊದಲೇ ನಮ್ಮ ಬಂಡೆ ಹಳತಾಗಿತ್ತು. ಇನ್ನು ಸಮಿತಿಯವರು ಹೆಕ್ಕಿದ್ದು ಯಾವಾಗ? ತಾವು ಕೆಳಗೆ ಬಿದ್ದ ಪೆನ್ನು ಹೆಕ್ಕಲೂ ಬೆಲ್ ಒತ್ತಿ ಜನ ಕರೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚೀಟಿಗಳು ಎಲ್ಲಿ ಎಂದು ಕೇಳಿದೆ. ತಾವು ತಮ್ಮ ಅರೆಗನ್ನಡದಲ್ಲಿ ಹೀಗೆ ಹೇಳಿದಿರಿ: "ಚೇಟ್ಟಾ, ಅದೊಕ್ಕೆ ಕನ್ನಡ ಮಂತ್ರವಾದಂ ಅಲ್ವಾ. ದಾರ ಬೇರೆ ಕಟ್ಟಿದೆ. ಸ್ಟಾಫಿಗೆಲ್ಲ ಪೇಡಿ ಆಯ್ತು. ದೋಷ ಬರ್ಬಾರ್ದು ಅಂತ ಕರ್ಪೂರ ಇಟ್ಟು ಸುಟ್ಟುಬಿಟ್ಟೆ." ಚೇಟ್ಟಾ ಎಂದರೆ ಅಣ್ಣ, ಒಕ್ಕೆ ಎಂದರೆ ಎಲ್ಲ, ಪೇಡಿ ಎಂದರೆ ಭಯ. ಇಷ್ಟು ಹೇಳುವಾಗ ತಮ್ಮ ತಲೆಯ ಮೇಲೆ ವೈಜ್ಞಾನಿಕ ಮನೋಭಾವ ಬೆಳೆಸಿರಿ ಎಂಬ ಬೋರ್ಡು ತೂಗುತ್ತಿತ್ತು.

೫. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಮಗೆ ಓದಲು ಬಾರದ್ದೆಲ್ಲ ಮಂತ್ರವಾದರೆ, ತಮ್ಮ ಕಚೇರಿಯ ಅರ್ಧ ಕಪಾಟು ಸುಡಬೇಕಾಗುತ್ತದೆ. ಅದಿರಲಿ. ಮಾಟ ತಗುಲಿದ ಚೀಟಿಯನ್ನು ಸುಟ್ಟ ತಾವು, ಮಾಟ ತಗುಲಿದ ಹುಳುಗಳನ್ನು ಮಾತ್ರ ದೀಪ ಹಾಕಿಸಿ ಇಟ್ಟುಕೊಂಡಿದ್ದೀರಿ. ತಮ್ಮ ಭಯಕ್ಕೂ ಒಂದು ಲೆಕ್ಕಾಚಾರವಿದೆ ಎಂದು ತಿಳಿದು ಸಮಾಧಾನವಾಯಿತು.

೬. ಅಂದು ಗೇಟಿನ ಹತ್ತಿರ ತಮ್ಮ ಕಚೇರಿ ಗುಡಿಸುವ ಚಾತಿ ನನ್ನನ್ನು ನಿಲ್ಲಿಸಿದಳು. ಕಾಡಿನ ಹಾಡಿಯವಳು, ಅಕ್ಷರ ಬಾರದವಳು. "ಅಣ್ಣಾ, ಸಾರು ಎಲ್ಲಾನೂ ಹಿಂದ್ಗಡೆ ಸುಟ್ಬುಟ್ರು. ಒಂದ್ನ ನಾನು ಸೆರಗಲ್ಲಿ ಕಟ್ಕಂಡೆ" ಎಂದಳು. ನಿನಗೆ ಭಯವಾಗಲಿಲ್ಲವೇ ಎಂದೆ. "ಎಂತ ಪೇಡಿ? ಅದು ಅಕ್ಕನ್ ಕೈಯೆಳುತ್ತು, ಅಕ್ಕನ್ ಅಕ್ಷರ. ನಂಗೆ ರೇಷನ್ ಅರ್ಜಿಯೊಕ್ಕೆ ಬರ್ದು ಕೊಡ್ತಿದ್ದುದು ಅಕ್ಕನೇ ಅಲ್ವಾ" ಎಂದಳು. ಓದಲು ಬಾರದ ಇಬ್ಬರು ಒಂದೇ ಚೀಟಿ ನೋಡಿದ್ದೀರಿ. ಒಬ್ಬರಿಗೆ ಮಾಟ ಕಂಡಿತು, ಒಬ್ಬಳಿಗೆ ಗುರುಬಸಮ್ಮ ಕಂಡಳು. ಸಂಬಳ ಯಾರಿಗೆ ಹೆಚ್ಚು ಎಂಬುದನ್ನು ತಮ್ಮ ದಾಖಲೆಗಳಲ್ಲಿ ಪರಿಶೀಲಿಸಬಹುದು.

೭. ಆ ಚೀಟಿಯನ್ನು ಬಸ್ ಸ್ಟಾಪಿನಲ್ಲಿ ಕೂತು ಬಿಚ್ಚಿದೆ. ಅದರಲ್ಲಿ ಬರೆದಿರುವುದು ಇಷ್ಟು:

"೯-೩-೨೦೧೧. ಮೂರನೇ ಗುಂಡಿ, ಕೆಳಗಿನ ಹಳದಿ ಪದರ, ನೀರಿನ ಪಂಪಿನಿಂದ ಎಡಕ್ಕೆ ಹತ್ತು ಹೆಜ್ಜೆ. ಬೆರಳಿನಷ್ಟು ಉದ್ದ. ಎಂಟು ಸುತ್ತು. ತುದಿ ಮುರಿದಿಲ್ಲ. ಇವರನ್ನು ಎಬ್ಬಿಸಿ ತೋರಿಸೋಣ ಅಂದುಕೊಂಡೆ. ರಾತ್ರಿಯೆಲ್ಲ ಗಾಡಿ ಓಡಿಸಿದ್ದಾರೆ. ಪಾಪ, ಮಲಗಲಿ."

ತಮ್ಮನ್ನು ಬೈಯುವ ಉತ್ಸಾಹದಲ್ಲಿ ನನ್ನನ್ನು ಬಿಟ್ಟರೆ ಅರ್ಜಿ ಅಪೂರ್ಣವಾಗುತ್ತದೆ. ಅವಳಿದ್ದಾಗ ನಾನು ಒಂದು ಚೀಟಿಯನ್ನೂ ಬಿಚ್ಚಿದವನಲ್ಲ. "ಕಲ್ಲಿಗೂ ಜಾತಕ ಬರೀತಾಳೆ" ಎಂದು ಕ್ಲೀನರ್‌ಗಳ ಮುಂದೆ ನಗುತ್ತಿದ್ದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಉಳಿದ ನಲವತ್ತೆರಡರಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ತಾವು ಸುಟ್ಟಿದ್ದು ನನ್ನ ಸಂಸಾರದ ಹತ್ತೊಂಬತ್ತು ವರ್ಷ. ಅದು ನನಗೆ ಬಹಳ ನೋವು ಕೊಟ್ಟಿದೆ ಎಂದು ಈ ಮೂಲಕ ದಾಖಲಿಸುತ್ತೇನೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಕೋರಿಕೊಳ್ಳುವುದೇನೆಂದರೆ:

ಅ) ಹಾಲಿ ಫಲಕವನ್ನು ಕೂಡಲೇ ತೆಗೆಯಬೇಕು. ವಯನಾಡಿಗೆ ಸುಳ್ಳು ಕಡಲು ಬೇಕಾಗಿಲ್ಲ.

ಆ) ಗುರುಬಸಮ್ಮನ ಕೈಬರಹಕ್ಕೆ ಮಾಂತ್ರಿಕ ಶಕ್ತಿಯಿದೆ ಎಂದು ತಮ್ಮ ಸಮಿತಿಗೆ ಖಚಿತವಾಗಿರುವುದರಿಂದ, ಆಸ್ಪತ್ರೆಯಲ್ಲಿ ಅವಳ ಪಕ್ಕ ನಾನು ಕೂತಿದ್ದ ಹನ್ನೊಂದು ದಿನ ಆ ಶಕ್ತಿ ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೆ ಲಿಖಿತ ಉತ್ತರ ಕೊಡಬೇಕು.

ಇ) ಚೀಟಿ ಉಳಿದ ಹುಳುವಿಗೆ ಅದರ ನಕಲು ಅಂಟಿಸಬೇಕು. ಉಳಿದ ನಲವತ್ತೆರಡಕ್ಕೆ ನಾನು ಬರೆದು ತಂದಿರುವ ಚೀಟಿಗಳನ್ನು ಬಿಳಿ ದಾರದಲ್ಲೇ ಕಟ್ಟಬೇಕು. ಎಲ್ಲದರಲ್ಲೂ ಒಂದೇ ಒಕ್ಕಣೆಯಿದ್ದು, ಅಕ್ಷರ ಬದಲಾಯಿಸಕೂಡದು: "ಸಿಕ್ಕಿದ ಜಾಗ: ಗೊತ್ತಿಲ್ಲ. ಹೆಕ್ಕಿದವಳು: ಗುರುಬಸಮ್ಮ. ಆ ಹೊತ್ತಿನಲ್ಲಿ ಗಂಡ: ನಿದ್ದೆಯಲ್ಲಿದ್ದ."

ವಿಶ್ವಾಸ ಉಳಿದಿರುವಷ್ಟರ ಮಟ್ಟಿಗೆ ತಮ್ಮ ವಿಶ್ವಾಸಿ,
(ಸಹಿ) ಚೆಲುವರಾಜು

ಲಗತ್ತುಗಳು:
೧) ಹೊಸ ಚೀಟಿಗಳು, ನಲವತ್ತೆರಡು.
೨) ಬಿಳಿ ದಾರದ ಉಂಡೆ, ಒಂದು. ಅವಳದೇ. ಉಳಿದದ್ದನ್ನು ವಾಪಸ್ ಕೊಡುವುದು.
೩) ಚಾತಿ ಉಳಿಸಿದ ಚೀಟಿಯ ಜೆರಾಕ್ಸ್. ಮೂಲ ಪ್ರತಿ ನನ್ನ ಅಂಗಿಯ ಜೇಬಿನಲ್ಲಿದೆ, ಕೇಳಬಾರದು.
೪) ಬೆಂಕಿಪೊಟ್ಟಣ, ಒಂದು. ಈ ಅರ್ಜಿಯೂ ಕನ್ನಡದಲ್ಲಿರುವುದರಿಂದ ತಮ್ಮ ಕಚೇರಿಗೆ ಬೇಕಾಗಬಹುದು. ಸುಡುವ ಮೊದಲು ಸ್ವೀಕೃತಿಯ ಸೀಲು ಹಾಕಿಕೊಡಬೇಕಾಗಿ ವಿನಂತಿ.