ಒರೆ ಹಚ್ಚುವ ಮುಂಚೆ

ಅಕ್ಕಸಾಲಿ ಮುತ್ತಯ್ಯ ಆಚಾರಿಯ ಕಣ್ಣು ಮಂಜಾಗದೆ ಇದ್ದಿದ್ದರೆ ಪಿಚ್ಚೈಗೆ ಆ ದಿನ ಅಂಥ ಗತಿ ಬರುತ್ತಿರಲಿಲ್ಲ.

"ಒಳಗೆ ಕತ್ತಲೆ ಗೌಂಡರೇ. ಬಂಗಾರದ ಬಣ್ಣ ಬಿಸಿಲಲ್ಲೇ ತಿಳಿಯೋದು. ಜಗಲಿಗೆ ತನ್ನಿ" ಎಂದ ಆಚಾರಿ, ಒರೆಗಲ್ಲನ್ನು ಮಡಿಲಲ್ಲಿಟ್ಟುಕೊಂಡು.

ಪಿಚ್ಚೈ ತೀರಿಹೋದ ಅವ್ವನ ಮರದ ಪೆಟ್ಟಿಗೆ ಹೊತ್ತು ತಂದು ಚಾಪೆಯ ಮೇಲೆ ಸುರಿದ. ಸರ, ವಂಕಿ, ಓಲೆ, ಡಾಬು. ಬಿಸಿಲಿಗೆ ಜಗಲಿಯೇ ಮದುವಣಗಿತ್ತಿಯ ಹಾಗೆ ಹೊಳೆಯಿತು. ದಿಂಡಿಗಲ್ಲಿನ ಕಂದಸಾಮಿ ಚೆಟ್ಟಿಯ ಅಂಗಡಿಯಲ್ಲಿ ಒಡವೆ ಬಿಟ್ಟು ಬಂದರೆ ಚೆಟ್ಟಿ ಮಾರಿಸಿ, ತನ್ನ ಪಾಲು ಹಿಡಿದುಕೊಂಡು ಮಿಕ್ಕದ್ದನ್ನು ಕೊಡುತ್ತಿದ್ದ. ಆದರೆ ಊರ ಆಚಾರಿ ಒರೆ ಹಚ್ಚಿ ಬೆಲೆ ಹೇಳದ ಒಡವೆಯನ್ನು ಅವನು ಮೆಟ್ಟಿಲೂ ಹತ್ತಿಸುತ್ತಿರಲಿಲ್ಲ.

ಪಿಚ್ಚೈಗೆ ಬೇಕಾದದ್ದು ಸ್ವಂತದ್ದೊಂದು ಬಂಡಿ, ಒಂದು ಜೋಡಿ ಎತ್ತು. ಬೆಟ್ಟದಾಚೆಯ ಹೊಳೆಗೆ ಬಿಳಿ ದೊರೆಗಳು ಅಣೆಕಟ್ಟು ಕಟ್ಟಿ ನೀರನ್ನು ಕಣಿವೆಗೆ ತಿರುಗಿಸಿದ ಮೇಲೆ ಚಿನ್ನಮನೂರಿನ ಸುತ್ತ ಭತ್ತವೋ ಭತ್ತ; ದಿಂಡಿಗಲ್ಲಿನ ರೈಲಿಗೆ ಸಾಗಿಸಲು ಬಂಡಿಗಳೇ ಸಾಲದು. ಅವನೋ ಮದುವೆಯಾದಂದಿನಿಂದ ಭಾವನ ಬಂಡಿ ಹೊಡೆಯುತ್ತ, ಭಾವನ ಎತ್ತಿಗೆ ಸಿಗುವ ಮರ್ಯಾದೆಯೂ ತನಗೆ ಸಿಗದೆ ಸವೆದಿದ್ದ. ಸಾಲದ್ದಕ್ಕೆ ಹಿಂದಿನ ಸಂಜೆ ಬಾವಿಯ ಹತ್ತಿರ ಬಾಯಿ ಬೇರೆ ಬಿಟ್ಟಿದ್ದ: "ನನ್ ಬಂಡಿ ಬರ್ಲಿ, ಆಮೇಲೆ ಈ ಬೀದೀಲಿ ಒಂದು ನರಪಿಳ್ಳೆನೂ ಬಿಟ್ಟಿ ಕೂರ್ಸಲ್ಲ!"

ಎದುರು ಮನೆಯ ಮೂಕಮ್ಮಾಳ್ ಸೀರೆ ಕೊಡವಿಕೊಂಡು ಬಂದಳು. ವರಸೆಯಲ್ಲಿ ಅತ್ತೆ. ಆ ಹೆಸರಿಟ್ಟವರು ಅವಳ ಬಾಯಿ ಕೇಳಿರಲಿಲ್ಲ.

"ಏನ್ಲಾ ಪಿಚ್ಚೈ, ಅವ್ವನ ಒಡವೆ ಮಾರೋಕೆ ಒಂಟ್ಯಾ?" ಎನ್ನುತ್ತ ಕಾಸಿನ ಸರ ಎತ್ತಿದವಳು ಕೂಗಿಕೊಂಡಳು. "ಅಯ್ಯಯ್ಯೋ ಸಾಮಿ! ಇದು ನನ್ದು! ನನ್ ತಂಗಿ ಮಗಳ ಮದ್ವೇಲಿ ನಿಮ್ಮವ್ವನ ಕೈಲಿ ಕೊಟ್ಟಿದ್ನಲ್ಲೋ!"

ಆ ಬೀದಿಯ ಪದ್ಧತಿ ಹಾಗಿತ್ತು. ಹೆಣ್ಣು ಬರೀ ತನ್ನ ಒಡವೆಯಲ್ಲೇ ಹಸೆಗೆ ಏರಿದರೆ ಬೀದಿಗೇ ಅವಮಾನ. ಮನೆಮನೆಯಿಂದ ಒಂದೊಂದು ಎರವಲು ಬರಬೇಕು. ಹೆಣ್ಣನ್ನು ಸಿಂಗರಿಸುತ್ತಿದ್ದವಳು ಪಿಚ್ಚೈಯ ಅವ್ವ. ಎಲ್ಲರ ಒಡವೆಯೂ ಅವಳ ಕೈ ಹಾದೇ ಹೋಗುತ್ತಿತ್ತು. ತಿರುಗಿ ಹೋಯಿತೋ ಇಲ್ಲವೋ ಕೇಳೋಣವೆಂದರೆ ಅವಳೇ ಇಲ್ಲ.

ಕೂಗು ಕೇಳಿ ಪಕ್ಕದ ಮನೆಯ ಕರುಪ್ಪಾಯಿ ಬಂದಳು. "ಆ ಡಾಬು ನಮ್ಮಜ್ಜೀದು! ಅಟ್ಟದ ಮೇಲೆಲ್ಲ ಹುಡುಕಿ ಸತ್ತೆ, ಇಲ್ಲೈತೆ ನೋಡು!"

"ನಿಮ್ಮಜ್ಜಿಗೆ ಸೊಂಟ ಎಲ್ಲಿತ್ತೇ ಡಾಬು ಕಟ್ಟೋಕೆ? ಅದೂ ನಂದೇ!" ಎಂದಳು ಮೂಕಮ್ಮಾಳ್.

ಇಬ್ಬರೂ ಡಾಬಿನ ಒಂದೊಂದು ತುದಿ ಹಿಡಿದು ಎಳೆದರು. ಅಷ್ಟರಲ್ಲಿ ಬೀದಿಗೆ ಬೀದಿಯೇ ಬಂದು ಜಗಲಿಗೆ ಮುತ್ತಿತು. ಓಲೆ ಒಬ್ಬಳ ಕೈಗೆ, ವಂಕಿ ಇನ್ನೊಬ್ಬಳ ಕೈಗೆ.

"ಅತ್ತೆ, ಬುಡಿ... ಅಕ್ಕ, ಅದು ನಮ್ಮವ್ವಂದು..." ಎಂದು ಪಿಚ್ಚೈ ಚಾಪೆಯ ಸುತ್ತ ಗಾಣದೆತ್ತಿನ ಹಾಗೆ ಸುತ್ತಿದ.

ಬಾಗಿಲಲ್ಲಿ ನಿಂತ ಹೆಂಡತಿ ಆಂಡಾಳ್ ಹಣೆ ಚಚ್ಚಿಕೊಂಡಳು. "ಬಾವಿ ಹತ್ರ ಬಾಯಿ ಮುಚ್ಕೊಂಡಿದ್ರೆ ಇದೆಲ್ಲ ಯಾಕಾಯ್ತಿತ್ತು?"

ಕೊನೆಗೆ ಊರ ದೊಡ್ಡವರು ಪೆರುಮಾಳ್ ಗೌಂಡರ್ ಬಂದರು. ಹಿಂದೆಯೇ ದೇವರಿಗೆ ಬಿಟ್ಟ ಹಿಂಡಿನ ಹಿರಿಯ ಹೋರಿಯೂ ಬಂತು. ಆ ಹೋರಿಯನ್ನು ನೊಗಕ್ಕೆ ಹೂಡುವವರಿಲ್ಲ, ಗದರುವವರೂ ಇಲ್ಲ. ಅದರ ಹಗ್ಗ ಹಿಡಿದು ಸುಳ್ಳು ಹೇಳಿದವನ ಕೊಟ್ಟಿಗೆಯಲ್ಲಿ ದನ ಉಳಿಯುವುದಿಲ್ಲ ಎಂದು ಆ ಜನರ ನಂಬಿಕೆ.

"ಹಗ್ಗ ಹಿಡ್ಕೊಂಡು ಹೇಳಪ್ಪ. ಇವು ನಿಮ್ಮವ್ವನ ಸ್ವಂತವಾ, ಇವ್ರು ಕೊಟ್ಟಿದ್ದಾ?"

ಪಿಚ್ಚೈ ಹಗ್ಗ ಹಿಡಿದ. ಅವನಿಗೇನು ಗೊತ್ತು? ಸ್ವಂತದ್ದು ಎಂದು ಹೇಳಿ ಅದು ಸುಳ್ಳಾದರೆ, ಇನ್ನೂ ಕೊಳ್ಳದ ಎತ್ತುಗಳು ಕೊಳ್ಳುವ ಮುಂಚೆಯೇ ಸತ್ತಂತೆ. ಎತ್ತು ಸಾಯುವುದಕ್ಕಿಂತ ಬಂಡಿಯ ಆಸೆ ಸಾಯಲಿ ಎಂದು ಕಣ್ಣು ಮುಚ್ಚಿದ.

"ಇವ್ರು ಕೊಟ್ಟಿದ್ದೇ ಸಾಮಿ. ಇವ್ರು ಏನು ಕೊಟ್ಟವ್ರೋ ಅದನ್ನ ತಿರುಗಿ ಕೊಟ್ಬುಡ್ತೀನಿ."

ಹೋರಿ ತಲೆಯಾಡಿಸಿತು. ಬೀದಿಯೂ ಆಡಿಸಿತು. ಆಂಡಾಳ್ ಬಾಗಿಲು ಹಾಕಿಕೊಂಡಳು.

ಮೂಲೆಯಲ್ಲಿ ಎಲೆಯಡಿಕೆ ಹಾಕುತ್ತ ಕೂತಿದ್ದ ಆಚಾರಿ ಆಗ ಕೆಮ್ಮಿದ. "ಬಂದ ಕೆಲಸ ಆಗ್ಲಿಲ್ವಲ್ಲ. ಒರೆ ಹಚ್ಚಲಾ?"

"ಹಚ್ಚಪ್ಪ, ಮೊದ್ಲು ನಂದು!" ಮೂಕಮ್ಮಾಳ್ ಸರ ಚಾಚಿದಳು.

ಆಚಾರಿ ಸರವನ್ನು ಅರದಿಂದ ಕೊಂಚ ಕೆರೆದು, ಕಲ್ಲಿಗೆ ಉಜ್ಜಿ, ಬಿಸಿಲಿಗೆ ಹಿಡಿದ. ಡಾಬು ಉಜ್ಜಿದ. ವಂಕಿ, ಓಲೆ, ಎಲ್ಲ ಉಜ್ಜಿದ.

"ತಾಮ್ರ. ಮೇಲೆ ಬರೀ ಬಂಗಾರದ ನೀರು ಕುಡಿಸಿದ ಮುಲಾಮು."

ಬೆಳಗಿನಿಂದ ಮೊದಲ ಸಲ ಪಿಚ್ಚೈ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. "ತಕ್ಕೊಂಡೋಗಿ ಅತ್ತೆ! ಎಲ್ಲಾ ತಕ್ಕೊಂಡೋಗಿ! ಡಾಬಿಗೆ ಇನ್ನೊಂದ್ಸಲ ಜಗಳ ಆಡಿ!"

ಮೂಕಮ್ಮಾಳ್ ಸರವನ್ನು ತಿರುಗಿಸಿ ನೋಡಿದಳು. ಆಮೇಲೆ ಪಿಚ್ಚೈಯನ್ನು ನೋಡಿದಳು.

"ನಾನು ಕೊಟ್ಟಿದ್ದು ಬಂಗಾರ" ಎಂದಳು.

"ನಾನೂ ಬಂಗಾರಾನೇ ಕೊಟ್ಟಿದ್ದು" ಎಂದಳು ಕರುಪ್ಪಾಯಿ.

"ನಾನೂ, ನಾನೂ" ಎಂದಿತು ಬೀದಿ.

ಪೆರುಮಾಳ್ ಗೌಂಡರ್ ಹೋರಿಯ ಬೆನ್ನು ಸವರಿದರು. "ಏನು ಕೊಟ್ಟವ್ರೋ ಅದನ್ನ ಕೊಡ್ತೀನಿ ಅಂತ ನೀನೇ ಹಗ್ಗ ಹಿಡಿದು ಹೇಳಿದ್ಯಲ್ಲಪ್ಪ. ಬಂಗಾರ ಕೊಡು. ಅಲ್ಲೀತಂಕ ಈ ತಾಮ್ರ ಅವ್ರತ್ರಾನೇ ಒತ್ತೆ ಇರ್ಲಿ."

ಎಲ್ಲರೂ ಹೋದ ಮೇಲೆ ಚಾಪೆ ಉಳಿಯಿತು. ಅದಕ್ಕೂ ಇರುವೆ ಮುತ್ತಿತ್ತು. ಆಚಾರಿ ಚೀಲ ಕಟ್ಟುತ್ತ ಪಿಚ್ಚೈಯ ಕಿವಿಯ ಬಳಿ ಬಗ್ಗಿದ.

"ಮುಲಾಮು ನಮ್ಮಪ್ಪನ ಕೈಯ್ದು. ಈ ಬೀದಿಯ ಮನೆಮನೆಗೂ ಅವರೇ ಗುಟ್ಟಾಗಿ ಮಾಡಿಕೊಟ್ಟಿದ್ದು. ಬಂಗಾರ ಇಲ್ಲಿ ಯಾರು ಕಂಡಿದ್ರು ಗೌಂಡರೇ?"

ಪಿಚ್ಚೈ ಅವನ ಕೈ ಹಿಡಿದುಕೊಂಡ. "ಬಾ ಆಚಾರಿ, ದೊಡ್ಡವ್ರ ಮುಂದೆ ಇದನ್ನೇ ಹೇಳು!"

"ಹೇಳಿದ್ರೆ ನಾಳೆ ನನ್ನ ಬಾಗಿಲಿಗೆ ಯಾರು ಬರ್ತಾರೆ?" ಆಚಾರಿ ಮೆಲ್ಲಗೆ ಕೈ ಬಿಡಿಸಿಕೊಂಡ. "ಬಂಗಾರ ಸಿಕ್ಕಾಗ ಬನ್ನಿ. ನಿಮಗೆ ಕೂಲಿ ಕಡಿಮೆ ಮಾಡ್ತೀನಿ."

ಮರುದಿನ ಬೆಳಿಗ್ಗೆ ಪಿಚ್ಚೈ ಭಾವನ ಎತ್ತುಗಳನ್ನು ಭಾವನ ಬಂಡಿಗೆ ಹೂಡಿದ. ಚಿನ್ನಮನೂರಿನ ಸಂತೆ. ಹಿಂತಿರುಗಿ ನೋಡಿದರೆ ಬುಟ್ಟಿ, ಕೋಳಿ, ಮಕ್ಕಳ ಸಮೇತ ಬೀದಿಯೆಲ್ಲ ಬಂಡಿಯಲ್ಲಿ ಕೂತಿತ್ತು.

"ಬಾಡಿಗೆ?" ಎಂದ ಪಿಚ್ಚೈ, ಉಸಿರಿಲ್ಲದ ದನಿಯಲ್ಲಿ.

"ಬಂಗಾರ ಕೊಡೋವರ್ಗೂ ಬಾಡಿಗೆ ಏನ್ಲಾ?" ಎಂದಳು ಮೂಕಮ್ಮಾಳ್.

"ಭಾವ ನನ್ ಕೂಲೀಲಿ ಹಿಡ್ಕೋತಾನೆ ಅತ್ತೆ!"

"ಹಿಡ್ಕೊಳ್ಲಿ, ನಿನ್ ಭಾವ ತಾನೇ? ಹೊಡಿ, ಹೊತ್ತಾಯ್ತು." ಅವಳು ಸೆರಗು ಸರಿಪಡಿಸಿಕೊಂಡಳು. ಕೊರಳಲ್ಲಿ ಕಾಸಿನ ಸರ ಫಳಫಳ ಹೊಳೆಯಿತು. "ಸಂತೇಲಿ ಯಾರಾದ್ರೂ ಕೇಳಿದ್ರೆ ಬಂಗಾರ ಅಂತ ಹೇಳು. ನಿಮ್ಮವ್ವನ ಮಾನ ಹೋಗ್ಬಾರ್ದು ನೋಡು."