ಬೊಗಳದ ಶಾಂತಪ್ಪ

ಕೆಲವರಿಗೆ ಸಂಗೀತ ಹುಟ್ಟಿನಿಂದಲೇ ಬಂದಿರುತ್ತದೆ; ನನಗೆ ಚಿಂತೆ ಬಂದಿದೆ. ಮುಂಬಯಿಯ ಲೋಕಲ್ ಗಾಡಿ ಸ್ಟೇಷನ್ನಿಲ್ಲದ ಕಡೆ ನಿಂತರೆ ಉಳಿದವರು ಪೇಪರಿನ ಹಾಳೆ ತಿರುವುತ್ತಾರೆ, ನಾನು ಹಳಿಯ ಮೇಲೆ ನಡೆದೇ ಮನೆ ಸೇರುವ ದಾರಿ ಯೋಚಿಸುತ್ತೇನೆ. ಆಫೀಸಿನಲ್ಲಿ ಸಾಹೇಬರು ಹೆಸರು ಹಿಡಿದು ಕರೆದರೆ ನೌಕರಿ ಹೋಯಿತೆಂದೇ ಎದ್ದು ನಿಲ್ಲುತ್ತೇನೆ. ಇಂಥವನ ಮನೆಗೆ ಒಂದು ನಾಯಿ ಬಂತು. ತಂದವಳು ನನ್ನ ಹೆಂಡತಿ ಗಂಗಾ. ಕುರ್ಲಾ ಬಜಾರಿನಲ್ಲಿ ಕೈಗಾಡಿ ಕಾಲಿನ ಮೇಲೆ ಹರಿದರೂ ಕುಂಯ್ ಎನ್ನದೆ ಮಲಗಿದ್ದ ಕಂದು ನಾಯಿಯನ್ನು, ಕಾಯಿಪಲ್ಲೆಯ ಚೀಲದ ಜೊತೆಗೆ ಟಾಂಗಾದಲ್ಲಿ ಹಾಕಿಕೊಂಡು ಬಂದಳು. "ಕಾಲು ನೆಟ್ಟಗಾಗೂತನಕ ಅಷ್ಟ ರೀ," ಎಂದಳು. ಅರಿಸಿನ ಹಚ್ಚಿ ಪಟ್ಟಿ ಕಟ್ಟುವಾಗಲೂ ಅದು ಹಲ್ಲು ತೋರಿಸಲಿಲ್ಲ, ಕಟ್ಟುವವಳ ಕೈ ನೆಕ್ಕಿತು. ಹೀಗೆ ನಮ್ಮ ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದ ಶಾಂತಪ್ಪ ಮನೆಯವನಾದ.

ನಮ್ಮ ಚಾಳಿನಲ್ಲಿ ಎಲ್ಲರ ಬಾಗಿಲೂ ಬೆಳಗಾದರೆ ತೆರೆದಿರುತ್ತದೆ. ನಳದ ನೀರಿಗೆ ಹೋಗುವವರು, ಹಾಲಿನ ಭಯ್ಯಾ, ಸಕ್ಕರೆ ಕಡ ಕೇಳಲು ಬರುವವರು, ಎಲ್ಲರೂ ಗ್ಯಾಲರಿಯಲ್ಲಿ ಅಡ್ಡ ಮಲಗಿದ ಶಾಂತಪ್ಪನನ್ನು ದಾಟಿಯೇ ಹೋಗಬೇಕು. ಒಬ್ಬೊಬ್ಬರಿಗೂ ಬೊಗಳಿದ್ದರೆ ಅವನ ಗಂಟಲು ವಾರದಲ್ಲಿ ಹರಿದುಹೋಗುತ್ತಿತ್ತು. ಲೋಕದಲ್ಲಿರುವವರೆಲ್ಲ ನಮ್ಮವರೇ ಎಂದು ಅವನು ನಂಬಿಬಿಟ್ಟ. ಒಮ್ಮೆ ಮಧ್ಯಾಹ್ನ ಯಾವನೋ ಕಳ್ಳ ನಮ್ಮ ಹಿತ್ತಾಳೆಯ ಕೊಡ ಎತ್ತಿಕೊಂಡು ಹೋದ. ಶಾಂತಪ್ಪ ಬಾಲ ಅಲ್ಲಾಡಿಸುತ್ತ ಅವನನ್ನು ಮೆಟ್ಟಿಲಿನ ತನಕ ಕಳಿಸಿ ಬಂದನೆಂದು ಎದುರುಮನೆಯ ಮಾವಶಿ ಸಂಜೆ ಹೇಳಿದರು.

ಕಾಲು ನೆಟ್ಟಗಾಯಿತು. ಗಂಗಾ ನಾಯಿಯನ್ನು ಕಳಿಸುವ ಸುದ್ದಿಯನ್ನೇ ಎತ್ತಲಿಲ್ಲ. ಎತ್ತಿದವರು ಚಾಳಿನ ಮಾಲೀಕರು. ಶ್ರಾವಣ ಮುಗಿಯುವುದರೊಳಗೆ ನಾಯಿ ಹೊರಗೆ, ಇಲ್ಲವೇ ನೀವು ಹೊರಗೆ ಎಂದರು. ಬೀದಿಗೆ ಬಿಟ್ಟರೆ ನಾಯಿ ಹಿಡಿಯುವ ಮುನಸಿಪಾಲ್ಟಿಯ ಗಾಡಿ ಇದ್ದೇ ಇತ್ತು. ಬೇರೆ ನಾಯಿಗಳಾದರೆ ಓಡಿ ತಪ್ಪಿಸಿಕೊಂಡಾವು. ನಮ್ಮವನು ಕುಣಿಕೆ ಕಂಡರೆ ತಾನೇ ಹೋಗಿ ಕೊರಳು ಒಡ್ಡುವವನು. ಆಂಟಾಪ್ ಹಿಲ್‌ನಿಂದ ಘಾಟ್ಕೋಪರಿನ ತನಕ ಗುರುತಿದ್ದವರನ್ನೆಲ್ಲ ನಾಯಿ ಬೇಕೇ ಎಂದು ಕೇಳಿದೆ. ಬಹಳ ಸಾಧು, ಬಹಳ ಸೌಮ್ಯ ಎಂದು ನಾನು ಹೊಗಳಿದಷ್ಟೂ ಅವರು ಹಿಂದೆ ಸರಿದರು.

ಕೊನೆಗೆ ಸಿಕ್ಕವರು ನಮ್ಮ ಆಫೀಸಿನ ಕೆಳಗೆ ಹೋಟೆಲು ನಡೆಸುವ ಉಡುಪಿಯ ಶೆಟ್ಟರು. ಘಾಟ್ಕೋಪರಿನಲ್ಲಿ ಹೊಸ ಮನೆ ಕಟ್ಟಿಸಿದ್ದರು. ಸುತ್ತ ಕಂಪೌಂಡು, ಮುಂದೆ ಕಬ್ಬಿಣದ ಗೇಟು. "ನಾಯಿ ಬೇಕಿತ್ತು ಮಾರಾಯ್ರೆ. ಆದ್ರೆ ಬೊಗಳ್ತದಾ?" ಎಂದರು. ನನ್ನ ನಾಲಿಗೆ ನನ್ನನ್ನು ಕೇಳದೆ ಹೇಳಿತು: "ಗುರುತು ಇದ್ದವರಿಗೆ ಬೊಗಳೂದಿಲ್ಲ ನೋಡ್ರಿ. ಗುರುತಿಲ್ಲದವರು ಬಂದ್ರ ಮಾತ್ರ ಬಿಡೂದಿಲ್ಲ." ಅವನಿಗೆ ಗುರುತಿಲ್ಲದವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲವೆಂಬ ಮಾತನ್ನು ನುಂಗಿಕೊಂಡೆ. ಶಾಂತಪ್ಪನನ್ನು ಕರೆದೊಯ್ಯುವ ದಿನ ಗಂಗಾ ಅವನು ಮಲಗುವ ಕೌದಿಯನ್ನು ಮಡಿಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಆಮೇಲೆ ನನಗೆ ಶೆಟ್ಟರ ಹೋಟೆಲಿನ ಕಾಫಿ ಕಷಾಯವಾಯಿತು. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಅವರ ಮುಖ ನೋಡಿ, ಇವತ್ತು ನಾಯಿಯನ್ನು ಹೊರಗೆ ಹಾಕಿದರೋ ಇಲ್ಲವೋ ಎಂದು ಅಂದಾಜು ಮಾಡುವುದೇ ನನ್ನ ಕೆಲಸ. ಒಂದು ಶನಿವಾರ ಅವರೇ ಕರೆದು, "ನಿಮ್ಮ ನಾಯಿ ವಿಷಯ ಸ್ವಲ್ಪ ಮಾತಾಡ್ಲಿಕ್ಕುಂಟು," ಎಂದರು. ಅಷ್ಟರಲ್ಲಿ ಗಿರಾಕಿಗಳು ನುಗ್ಗಿದರು, ಮಾತು ಅಲ್ಲಿಗೇ ನಿಂತಿತು. ನನಗೆ ಅಷ್ಟು ಸಾಕಾಗಿತ್ತು. ಹೊರಗೆ ಸುರಿಯುತ್ತಿದ್ದ ಮಳೆಯಲ್ಲಿ ಶಾಂತಪ್ಪ ರಸ್ತೆಯಲ್ಲಿ ನಡುಗುತ್ತ ನಿಂತದ್ದು ಕಣ್ಣಿಗೆ ಕಟ್ಟಿತು.

ಮರುದಿನ ಘಾಟ್ಕೋಪರಿಗೆ ಹೋದೆ. ಗೇಟು ತಟ್ಟಲು ಧೈರ್ಯ ಬರಲಿಲ್ಲ. ತಲೆಗೆ ಟವೆಲು ಸುತ್ತಿಕೊಂಡು ಮನೆಯ ಹಿಂದೆ ಹೋಗಿ, ಉಳಿದ ಇಟ್ಟಿಗೆಗಳ ಮೇಲೆ ಹತ್ತಿ ಕಂಪೌಂಡಿನೊಳಗೆ ಇಣುಕಿದೆ. ಶಾಂತಪ್ಪ ಹಿಂದಿನ ಜಗಲಿಯಲ್ಲಿ ಕೌದಿಯ ಮೇಲೆ ಮಲಗಿದ್ದ! ನನ್ನ ಕಣ್ಣು ತುಂಬಿ ಬಂತು. ಆಗ ಒಂದು ನಾಯಿ ಬೊಗಳಿತು, ಎಂಥ ಗಡಸು ದನಿ! ಶೆಟ್ಟರು ಇನ್ನೊಂದು ನಾಯಿ ಸಾಕಿದರೇನೋ ಎಂದು ಹೆದರಿ ಸುತ್ತ ನೋಡಿದೆ. ಬೊಗಳುತ್ತಿದ್ದವನು ಶಾಂತಪ್ಪ. ಬೊಗಳುತ್ತಿದ್ದದ್ದು ನನಗೆ.

ಶೆಟ್ಟರು ಹೊರಗೆ ಬಂದರು. "ಓ, ನೀವಾ ಮಾರಾಯ್ರೆ! ನಿನ್ನೆ ಅದೇ ಹೇಳ್ಲಿಕ್ಕಿದ್ದದ್ದು. ಎಂಥಾ ನಾಯಿ ಕೊಟ್ಟಿದ್ದೀರಿ! ಇನ್ನು ಯಾರು ಕೇಳಿದ್ರೂ ಕೊಡುವುದಿಲ್ಲ. ನೀವು ಹೇಳಿದ ಹಾಗೇ ಉಂಟು ನೋಡಿ, ಗುರುತಿದ್ದವರಿಗೆ ಬೊಗಳುವುದೇ ಇಲ್ಲ!" ಗೋಡೆಗೆ ಜೋತುಬಿದ್ದಿದ್ದ ನಾನು ಹೌದೆಂದು ತಲೆ ಆಡಿಸಿದೆ. ಒಳಗೆ ಬನ್ನಿ ಎಂದರೂ ಕೇಳದೆ, ಗಾಡಿಗೆ ಹೊತ್ತಾಯಿತೆಂದು ಸ್ಟೇಷನ್ನಿನ ದಾರಿ ಹಿಡಿದೆ.

ಮನೆಯಲ್ಲಿ ಗಂಗಾ ಬಾಗಿಲಿಗೇ ಬಂದು ನಿಂತಿದ್ದಳು. "ನಿಮ್ಮ ಗುರುತು ಹಿಡಿದ್ನೇನ್ರಿ?"

"ಬಾಯಿ ತುಂಬ ಮಾತಾಡಿಸಿದ," ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಎಷ್ಟೋ ದಿನಗಳ ಮೇಲೆ ನಗುತ್ತ ಒಳಗೆ ಹೋದಳು. ನಾನೂ ಇನ್ನು ನಿಶ್ಚಿಂತೆಯಿಂದ ಇರಬಹುದಾಗಿತ್ತು. ಆದರೆ ಗುರುತು ಸಿಗದೆ ಬೊಗಳಿದನೋ, ಇವನೇ ತನ್ನನ್ನು ಕೊಟ್ಟುಹೋದವನೆಂದು ಗುರುತು ಹಿಡಿದೇ ಬೊಗಳಿದನೋ ಎಂಬುದು ತಿಳಿಯದೆ ಈಗ ಅದೊಂದು ಚಿಂತೆ ಹತ್ತಿಕೊಂಡಿದೆ.