ಏಳನೆಯ ಸ್ವರಕ್ಕೆ ಬಿದ್ದ ಅಂಟು

"ಮೈನರ್ ಸ್ಕೇಲು ಅಂದ್ರೆ ಏನು ಮಹಾ ಬ್ರಹ್ಮವಿದ್ಯೆನಾ? ಅರ್ಧ ಗಂಟೇಲಿ ಅರೆದು ಕುಡಿದುಬಿಡ್ತೀನಿ!" ಎಂದು ಗಂಡ ಗುಡುಗಿದ. ಕಾರ್ಖಾನೆಯಲ್ಲಿ ದಿನವೆಲ್ಲ ಬೂಟಿಗೆ ಅಟ್ಟೆ ಅಂಟಿಸುವ ಪ್ರಾಣಿ. ವಾರಕ್ಕೊಂದೇ ರಜೆ, ಆ ಬೆಳಗಿನ ನಿದ್ದೆಗೂ ಹೆಂಡತಿಯ ಪಿಯಾನೊ ಕಲ್ಲು ಹಾಕಿತ್ತು. ಅವಳಿಗೋ ಸಂಗೀತ ಟೀಚರ್ ಕೆಲಸದ ಪರೀಕ್ಷೆ. ಶಾಲೆಯ ಪಿಯಾನೊ ಕೆಟ್ಟಿದ್ದರಿಂದ ಹೆಡ್ ಮೇಡಂ ಸಂಜೆ ಮನೆಗೇ ಬರುವವರಿದ್ದರು.

ಅವನು ಅವಳ ಥಿಯರಿ ಪುಸ್ತಕ ಕಿತ್ತುಕೊಂಡು, ಒಂದು ಪುಟ ಓದಿ, ಮಹಾಪಂಡಿತನಾಗಿ ಎದ್ದು ನಿಂತ.

"ನೀನು ನುಡಿಸ್ತಿರೋದು ಎ ಮೈನರ್ ತಾನೆ? ಅದಕ್ಕೂ ಸಿ ಮೇಜರ್‌ಗೂ ಒಂದೇ ಕೀ ಸಿಗ್ನೇಚರ್. ಸಾಲಿನ ಶುರುವಲ್ಲಿ ಸ್ವರ ಏರಿಸೋ ಶಾರ್ಪೂ ಇಲ್ಲ, ಇಳಿಸೋ ಫ್ಲ್ಯಾಟೂ ಇಲ್ಲ. ಬರೀ ಬಿಳೀ ಕೀಗಳ ರಾಜ್ಯ! ಮತ್ತೆ ನಿನ್ನ ಬೆರಳು ಆ ಕಪ್ಪು ಕೀ ಮೇಲೆ ಯಾಕೆ ಜಾರುತ್ತೆ?"

"ಜಾರ್ತಿಲ್ಲ ರೀ, ಒತ್ತಬೇಕು. ಮುಂದಿನ ಪುಟ ಓದಿ."

"ಮುಂದಿನ ಪುಟ ಬೇಕಾಗೋದು ದಡ್ಡರಿಗೆ!"

ಅವಳು ಬಾಗಿಲನ್ನು ದಡಾರನೆ ಹಾಕಿಕೊಂಡು ಸ್ನಾನಕ್ಕೆ ಹೋದಳು. ಬರುವುದರೊಳಗೆ ನಮ್ಮ ವೀರ ಕಾರ್ಖಾನೆಯ ಅಂಟಿನ ಡಬ್ಬಿ ತೆರೆದು, ಕಪ್ಪು ಕೀಗಳನ್ನೆಲ್ಲ ಅಲ್ಲಾಡದಂತೆ ಅಂಟಿಸಿ ಮುಗಿಸಿದ್ದ. ಇನ್ನು ತಪ್ಪುವುದಕ್ಕೆ ಜಾಗವೇ ಇಲ್ಲ! ಎಂಥ ಉಪಕಾರ!

ಒದ್ದೆ ಕೂದಲಲ್ಲೇ ಬಂದವಳು ಒಂದು ಕಪ್ಪು ಕೀ ಒತ್ತಿದಳು. ಮತ್ತೆ ಒತ್ತಿದಳು. ಆಮೇಲೆ ಅವನ ಕಡೆ ತಿರುಗಿದಳು.

"ಯಾರ್ರೀ ಹೇಳಿದ್ದು ನಿಮಗೆ? ಇದರಲ್ಲಿ ಏಳನೇ ಸ್ವರ ಏರಿಸ್ಬೇಕು. ಅದರ ಶಾರ್ಪು ಸಾಲಿನ ಶುರುವಲ್ಲಿ ಬರಲ್ಲ, ಆ ಸ್ವರದ ಪಕ್ಕದಲ್ಲೇ ಬರೆದಿರ್ತಾರೆ. ಆ ಕಪ್ಪು ಕೀನೇ ಜಿ ಶಾರ್ಪ್, ಅದಿಲ್ದೆ ರಾಗ ಮನೆ ಸೇರಲ್ಲ. ಇವತ್ತು ನೀವೂ ಸೇರಲ್ಲ! ಕೀಳ್ರೀ ಈಗಲೇ!"

ಚಾಕು ಆಯಿತು, ಥಿನ್ನರ್ ಆಯಿತು, ಪರಸ್ಪರ ಬೈಗುಳವೂ ಆಯಿತು. ಸಂಜೆಗೆ ನಡುವಿನ ಜಿ ಶಾರ್ಪ್ ಒಂದು ಅಲ್ಲಾಡಿತು. ಅಲ್ಲಾಡಿದ್ದು ಅವನ ತೋರುಬೆರಳಿನ ಸಮೇತ! ಬೂಟು ಹರಿದರೂ ಬಿಡದ ಅಂಟು, ಬೆರಳನ್ನು ಬಿಟ್ಟೀತೇ? ಅಷ್ಟರಲ್ಲಿ ಕರೆಗಂಟೆ.

"ಕೂತ್ಕೊಳ್ರೀ ಪಕ್ಕದಲ್ಲಿ," ಹೆಂಡತಿ ಹಲ್ಲು ಕಡಿದಳು. "ಕಾಲು ತುಳಿದಾಗ ಒತ್ತಿ. ತುಳಿಯದೆ ಒತ್ತಿದ್ರೆ ಕತ್ತು ಹಿಸುಕ್ತೀನಿ."

ನುಡಿಸಿದಳು. ಜಿ ಶಾರ್ಪ್ ಬಂದಾಗಲೆಲ್ಲ, ಪೆಡಲ್ಲಿನ ಪಕ್ಕದಲ್ಲಿದ್ದ ಅವನ ಕಾಲಿನ ಹೆಬ್ಬೆರಳನ್ನು ಅವಳ ಹಿಮ್ಮಡಿ ಅರೆಯಿತು, ಬೆಳಗಿನ ಕೋಪವನ್ನೆಲ್ಲ ಬಡ್ಡಿ ಸಮೇತ ಸೇರಿಸಿ. ಅವನು ಕಣ್ಣೀರು ನುಂಗಿ ಒತ್ತಿದ. ರಾಗ ಸುಖವಾಗಿ ಮನೆ ಸೇರಿತು.

ಹೆಡ್ ಮೇಡಂ ಅವನ ಒದ್ದೆ ಕಣ್ಣು ನೋಡಿ ತಾವೂ ಕಣ್ಣೊರೆಸಿಕೊಂಡರು.

"ಕೆಲಸ ನಿಮಗೇ ಅಮ್ಮ! ಯಜಮಾನ್ರೂ ಸಂಗೀತಗಾರರಾ?"

"ಇವರಿಗೆ ಬರೋದು ಒಂದೇ ಸ್ವರ ಮೇಡಂ," ಎಂದಳು ಹೆಂಡತಿ. "ಅದೂ ನಾನು ಕಾಲು ತುಳಿದ್ರೆ ಮಾತ್ರ!"